ಹೆಸರೋ ಅಂಕಿಯೋ: ಜಾಲದ ವಿಳಾಸಗಳಲ್ಲಿ ಒಂದು ಸಂದಿಗ್ಧದ ಚರಿತ್ರೆ

ಗಣಕಗಳ ಜಾಲದಲ್ಲಿ ಒಂದೊಂದು ಗಣಕಕ್ಕೂ ಎರಡು ಗುರುತುಗಳುಂಟು. ಒಂದು ಅಂಕಿಯ ಗುರುತು, ಇನ್ನೊಂದು ಹೆಸರಿನ ಗುರುತು. ಯಂತ್ರಕ್ಕೆ ಬೇಕಾದುದು ಮೊದಲನೆಯದು. ಮನುಷ್ಯನ ನಾಲಗೆಗೂ ನೆನಪಿಗೂ ಒಗ್ಗುವುದು ಎರಡನೆಯದು. ಬಳಸುವವನು ಇವೆರಡರಲ್ಲಿ ಯಾವುದನ್ನಾದರೂ ಒಂದೇ ಜಾಗದಲ್ಲಿ ಬರೆಯಬಹುದೆಂಬ ಸೌಕರ್ಯವನ್ನು ಮೊದಲಿನಿಂದಲೂ ಕಲ್ಪಿಸಿಕೊಡಲಾಗಿದೆ. ಹಾಗಾದರೆ ಅವನು ಬರೆದ ಪದವು ಹೆಸರೋ ಅಂಕಿಯೋ ಎಂದು ತೀರ್ಮಾನಿಸತಕ್ಕವರು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸತಕ್ಕದ್ದು? ಮೇಲುನೋಟಕ್ಕೆ ಇದು ಅತಿ ಸಣ್ಣ ಪ್ರಶ್ನೆ. ಆದರೆ ಸುಮಾರು ಅರ್ಧ ಶತಮಾನದಿಂದ ಇದಕ್ಕೆ ಕೊಡಲಾದ ಉತ್ತರಗಳು ಒಂದರೊಡನೊಂದು ಹೊಂದಿಕೊಂಡಿಲ್ಲ. ಅವುಗಳಲ್ಲೊಂದು ಉತ್ತರದ ಲೋಪದಿಂದಾಗಿ ಲಿನಕ್ಸ್ ವ್ಯವಸ್ಥೆಯ ಬಹುಸಂಖ್ಯೆಯ ಗಣಕಗಳು ಹಲವು ವರ್ಷಗಳ ಕಾಲ ಬಾಗಿಲಿಗೆ ಅಗುಳಿಯಿಲ್ಲದ ಮನೆಗಳಂತೆ ಇದ್ದುವೆಂಬುದು 2015ರಲ್ಲಿ ಹೊರಬಿದ್ದಿತು. ಈ ಸಂದಿಗ್ಧ ಹುಟ್ಟಿದ ಬಗೆಯನ್ನೂ ಅದನ್ನು ಬಗೆಹರಿಸಲು ನಡೆದ ಪ್ರಯತ್ನಗಳನ್ನೂ ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನಗಳನ್ನು ಓದಿ ಬಲ್ಲವರಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ. ಶಕವರ್ಷವನ್ನು ಅಂಕಿಗಳಲ್ಲಿ ಬರೆಯದೆ ಭೂತಸಂಖ್ಯೆಗಳಲ್ಲಿ ಹೇಳುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದಿತು. ಅಲ್ಲಿ ‘ವೇದ’ವೆಂದರೆ ನಾಲ್ಕು, ‘ಬಾಣ’ವೆಂದರೆ ಐದು, ‘ಚಂದ್ರ’ನೆಂದರೆ ಒಂದು. ಪದ್ಯದ ನಡುವೆ ಬಂದ ‘ಚಂದ್ರ’ನು ಅರಸನ ಹೆಸರಿಗೆ ಸೇರಿದವನೋ ವರ್ಷದ ಅಂಕಿಗೆ ಸೇರಿದವನೋ ಎಂಬುದನ್ನು ಸಂಪಾದಕನು ಸಂದರ್ಭವನ್ನು ನೋಡಿ ನಿಶ್ಚಯಿಸುತ್ತಾನೆ, ಸಂಶಯ ಉಳಿದರೆ ಅಡಿಟಿಪ್ಪಣಿಯಲ್ಲಿ ಹೇಳಿ ಕೈತೊಳೆದುಕೊಳ್ಳುತ್ತಾನೆ. ಯಂತ್ರಕ್ಕೆ ಸಂದರ್ಭಜ್ಞಾನವೂ ಇಲ್ಲ, ಅಡಿಟಿಪ್ಪಣಿಯ ಅನುಕೂಲವೂ ಇಲ್ಲ. ಅದು ಎರಡರಲ್ಲೊಂದನ್ನು ಆ ಕ್ಷಣವೇ ಆರಿಸಿಕೊಳ್ಳಲೇಬೇಕು.

ಈ ಚರಿತ್ರೆಗೆ ಆಧಾರಗಳು ಎರಡು ಬಗೆಯವು. ಮೊದಲನೆಯದು, 1969ರ ಏಪ್ರಿಲ್‌ನಿಂದ ಕ್ರಮಸಂಖ್ಯೆಯೊಡನೆ ಪ್ರಕಟವಾಗುತ್ತ ಬಂದಿರುವ ‘ಆರ್.ಎಫ್.ಸಿ.’ ಎಂಬ ಪತ್ರಗಳ ಮಾಲೆ. ಅಭಿಪ್ರಾಯಗಳನ್ನು ಕೋರುವ ಪತ್ರವೆಂಬುದು ಆ ಹೆಸರಿನ ಅರ್ಥ. ಜಾಲದ ನಿಯಮಗಳು ಅಲ್ಲಿ ದೊರೆಯುತ್ತವೆ. ಎರಡನೆಯದು, ಆ ನಿಯಮಗಳನ್ನು ಆಚರಣೆಗೆ ತಂದ ಲೈಬ್ರರಿಗಳ ಮೂಲಪಾಠ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಎಲ್ಲ ಕ್ರಮವಿಧಿಗಳೂ ಎರವಲು ಪಡೆದು ಬಳಸಿಕೊಳ್ಳಬಹುದಾದ ಸಿದ್ಧ ಉಪವಿಧಿಗಳ ಸಮೂಹ. ಧರ್ಮಶಾಸ್ತ್ರದಲ್ಲಿ ಹೇಳಿರುವುದಕ್ಕೂ ಊರಿನ ನಡವಳಿಕೆಗೂ ಎಷ್ಟು ಅಂತರವಿರುತ್ತದೆಯೋ ಈ ಎರಡು ಆಧಾರಗಳ ನಡುವೆಯೂ ಅಷ್ಟೇ ಅಂತರವಿದೆ. ನಿಯಮಪತ್ರಗಳನ್ನು ಮಾತ್ರ ನಂಬಿ ಬರೆದ ಚರಿತ್ರೆ ಅರ್ಧ ಚರಿತ್ರೆಯಾಗುತ್ತದೆ.

ಅಮೆರಿಕದ ಆರ್ಪಾನೆಟ್ 1969ರಲ್ಲಿ ನಾಲ್ಕು ನೆಲೆಗಳಿಂದ ಆರಂಭವಾಯಿತು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ 1, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ 2, ಸಾಂತಾ ಬಾರ್ಬರಕ್ಕೆ 3, ಯೂಟಾ ವಿಶ್ವವಿದ್ಯಾನಿಲಯಕ್ಕೆ 4, ಹೀಗೆ ಅಂಕಿಗಳು ಬಂದುವು. ನಾಲ್ಕು ಮನೆಗಳ ಕೇರಿಯಲ್ಲಿ ಮನೆಯ ನಂಬರನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಕೇರಿ ಬೆಳೆದಂತೆ ಪ್ರತಿಯೊಂದು ನೆಲೆಯವರೂ ತಮತಮಗೆ ತೋಚಿದ ಸಂಕ್ಷಿಪ್ತ ಹೆಸರುಗಳನ್ನು ಇಟ್ಟುಕೊಂಡರು. ಒಂದೇ ಗಣಕಕ್ಕೆ ಒಂದು ಊರಿನಲ್ಲಿ ಒಂದು ಹೆಸರು, ಇನ್ನೊಂದು ಊರಿನಲ್ಲಿ ಇನ್ನೊಂದು ಹೆಸರು ಎಂದಾಯಿತು. ಈ ಹೆಸರುಗಳನ್ನು ಏಕರೂಪಗೊಳಿಸಬೇಕೆಂದು ಪೆಗಿ ಕಾರ್ಪ್ 1971ರ ಸೆಪ್ಟೆಂಬರಿನಲ್ಲಿ ಆರ್.ಎಫ್.ಸಿ. 226ರಲ್ಲಿ ಸೂಚಿಸಿದರು. 1973ರ ಡಿಸೆಂಬರಿನಲ್ಲಿ ಪೀಟರ್ ಡಾಯ್ಚ್, ಒಂದೊಂದು ನೆಲೆಯೂ ತನ್ನದೇ ಆದ ಹಳಸಿದ ಪಟ್ಟಿಯನ್ನು ಇಟ್ಟುಕೊಂಡಿರುವುದು ಹಾಸ್ಯಾಸ್ಪದವೆಂದು ಬರೆದು, ಎಲ್ಲರಿಗೂ ಒಂದೇ ಪಟ್ಟಿ ಜಾಲದ ಮೂಲಕವೇ ದೊರೆಯಬೇಕೆಂದು ಕೇಳಿದರು. ಮರುತಿಂಗಳೇ ಸ್ಟ್ಯಾನ್‌ಫರ್ಡ್ ಸಂಸ್ಥೆಯ ಮಾಹಿತಿ ಕೇಂದ್ರ ಅದಕ್ಕೆ ಒಪ್ಪಿತು. ಎಲಿಜಬೆತ್ ಫೈನ್ಲರ್ ಅವರ ನೇತೃತ್ವದಲ್ಲಿ ಆ ಕೇಂದ್ರ ಪಾಲಿಸಿಕೊಂಡುಬಂದ ಪಟ್ಟಿಯೇ ಮುಂದೆ ಹತ್ತು ವರ್ಷಗಳ ಕಾಲ ಜಾಲದ ನಾಮಾವಳಿಯಾಗಿತ್ತು.

ಈ ಅವಧಿಯಲ್ಲಿ ಹೆಸರು ಅಂಕಿಗಳ ಗೊಂದಲ ಹೆಚ್ಚಾಗಿ ತೋರುವುದಿಲ್ಲ. ಅಂಕಿ ಚಿಕ್ಕದು, ಹೆಸರುಗಳ ಪಟ್ಟಿಯೂ ಚಿಕ್ಕದು, ಪಟ್ಟಿಯ ಮೇಲೆ ಒಂದು ಕೈಯ ಹಿಡಿತವೂ ಇದ್ದಿತು. ತೊಂದರೆಯ ಬೀಜವನ್ನು ನಾವು ಕಾಣುವುದು ಮುಂದಿನ ಘಟ್ಟದಲ್ಲಿ, ಅಂಕಿಗಳು ನಾಲ್ಕು ಬೈಟುಗಳ ಉದ್ದಕ್ಕೆ ಬೆಳೆದು, ನಡುವೆ ಚುಕ್ಕೆಗಳನ್ನಿಟ್ಟುಕೊಂಡು ಬರೆಯಲ್ಪಡತೊಡಗಿದಾಗ.

1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಆರ್.ಎಫ್.ಸಿ. 790ರಲ್ಲಿ ಆಗ ಹಂಚಿಕೊಟ್ಟಿದ್ದ ಜಾಲಸಂಖ್ಯೆಗಳ ಕೋಷ್ಟಕವಿದೆ. ಅಲ್ಲಿ ಪ್ರತಿಯೊಂದು ಸಂಖ್ಯೆಯನ್ನೂ ಮೂರು ಅಂಕಿಗಳಿಗೆ ತುಂಬಿಸಿ, ಸಾಲು ನೇರವಾಗಿ ಬರಲೆಂದು ಮುಂದೆ ಸೊನ್ನೆಗಳನ್ನಿಟ್ಟು ಬರೆದಿದೆ. ಆರ್ಪಾನೆಟ್ಟಿನ ಸಂಖ್ಯೆ 10. ಕೋಷ್ಟಕದಲ್ಲಿ ಅದು 010 ಎಂದಿದೆ. ಈ ಸೊನ್ನೆಗೆ ಬೆಲೆಯಿಲ್ಲ, ಅದು ಬರಿಯ ಅಲಂಕಾರವೆಂಬುದಕ್ಕೆ ಪಾಠದೊಳಗೇ ಪ್ರಮಾಣವಿದೆ. ಅದೇ ಸಾಲಿನಲ್ಲಿ ಮೇಲೆ 008, 009 ಎಂಬ ಸಂಖ್ಯೆಗಳು ಬಂದಿವೆ. ಎಂಟನ್ನು ಆಧಾರವಾಗಿ ಉಳ್ಳ ಅಷ್ಟಮಾನ ಪದ್ಧತಿಯಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲವಾದ್ದರಿಂದ ಇಡೀ ಕೋಷ್ಟಕ ದಶಮಾನದ್ದೆಂದು ನಿಸ್ಸಂಶಯವಾಗಿ ಹೇಳಬಹುದು. ಇಷ್ಟು ವಿಸ್ತಾರವಾಗಿ ಈ ಮಾತನ್ನು ಹೇಳಲು ಕಾರಣವಿದೆ. ಎರಡೇ ವರ್ಷಗಳಲ್ಲಿ ಇದೇ ಸೊನ್ನೆಗೆ ಬೇರೆಯ ಅರ್ಥ ಬಂದಿತು.

1983ರ ಜನವರಿ 1ರಂದು ಆರ್ಪಾನೆಟ್ ತನ್ನ ಹಳೆಯ ಸಂವಹನನಿಯಮವನ್ನು ಬಿಟ್ಟು ಟಿ.ಸಿ.ಪಿ./ಐ.ಪಿ. ಪದ್ಧತಿಗೆ ಬದಲಾಯಿಸಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ ತನ್ನ ಯೂನಿಕ್ಸ್ ವ್ಯವಸ್ಥೆಯ 4.2 ಆವೃತ್ತಿಯನ್ನು ಹೊರತಂದಿತು. ಇಂದಿಗೂ ಬಳಕೆಯಲ್ಲಿರುವ ಅನೇಕ ಜಾಲಲೈಬ್ರರಿಗಳ ಮೂಲಪುರುಷ ಇದೇ ಎನ್ನಬಹುದು. ಇದರಲ್ಲಿ ಹೆಸರಿಗೊಂದು ಬಾಗಿಲು, ಅಂಕಿಗೊಂದು ಬಾಗಿಲು ಪ್ರತ್ಯೇಕವಾಗಿದ್ದುವು. ‘ಗೆಟ್-ಹೋಸ್ಟ್-ಬೈ-ನೇಮ್’ ಎಂಬ ಉಪವಿಧಿ ಹೆಸರನ್ನು ತೆಗೆದುಕೊಂಡು ವಿಳಾಸವನ್ನು ಕೊಡುತ್ತಿತ್ತು. ‘ಐನೆಟ್-ಅಡರ್’ ಎಂಬುದು ಚುಕ್ಕೆಗಳಿಂದ ಕೂಡಿದ ಅಂಕಿಯ ಬರಹವನ್ನು ವಿಳಾಸವಾಗಿ ಮಾರ್ಪಡಿಸುತ್ತಿತ್ತು. ಬಾಗಿಲುಗಳು ಎರಡಾಗಿದ್ದರೂ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬುದನ್ನು ಕ್ರಮವಿಧಿ ಬರೆಯುವವನಿಗೇ ಬಿಡಲಾಗಿತ್ತು. ಕೆಲವರು ಮೊದಲು ಅಂಕಿಯೆಂದು ಪರೀಕ್ಷಿಸಿ, ಅಲ್ಲವಾದರೆ ಹೆಸರೆಂದು ವಿಚಾರಿಸಿದರು. ಕೆಲವರು ಮೊದಲು ಹೆಸರೆಂದು ವಿಚಾರಿಸಿ, ಸಿಕ್ಕದಿದ್ದರೆ ಅಂಕಿಯೆಂದು ಓದಿದರು. ಒಂದೇ ಗಣಕದಲ್ಲಿ ಒಂದೇ ಪದಕ್ಕೆ ಎರಡು ಕ್ರಮವಿಧಿಗಳು ಎರಡು ಅರ್ಥ ಮಾಡಲು ಇದರಿಂದ ಅವಕಾಶವಾಯಿತು.

ಅಂಕಿಯ ಬಾಗಿಲೂ ಸಂಕುಚಿತವಾದುದಾಗಿರಲಿಲ್ಲ. ‘ಐನೆಟ್-ಅಡರ್’ ನಾಲ್ಕು ಭಾಗಗಳ ವಿಳಾಸವನ್ನು ಮಾತ್ರವಲ್ಲದೆ ಮೂರು ಭಾಗಗಳದು, ಎರಡು ಭಾಗಗಳದು, ಕೊನೆಗೆ ಚುಕ್ಕೆಯೇ ಇಲ್ಲದ ಒಂದೇ ಸಂಖ್ಯೆಯನ್ನೂ ಒಪ್ಪುತ್ತಿತ್ತು. ಜಾಲಗಳನ್ನು ದೊಡ್ಡವು, ನಡುವಣವು, ಚಿಕ್ಕವು ಎಂದು ವರ್ಗೀಕರಿಸಿದ್ದ ಕಾಲವದು. ದೊಡ್ಡ ಜಾಲದಲ್ಲಿ ‘ಜಾಲ, ಗಣಕ’ ಎಂಬ ಎರಡೇ ಭಾಗಗಳನ್ನು ಬರೆಯುವುದು ಸ್ವಾಭಾವಿಕವೆನಿಸಿತ್ತು. ಆದ್ದರಿಂದ 127.1 ಎಂದರೂ 127.0.0.1 ಎಂದರೂ 2130706433 ಎಂದರೂ ಒಂದೇ ವಿಳಾಸ. ಇದಲ್ಲದೆ ಸಿ ಭಾಷೆಯ ರೂಢಿಯನ್ನನುಸರಿಸಿ, ಮುಂದೆ ಸೊನ್ನೆಯಿರುವ ಭಾಗವನ್ನು ಅಷ್ಟಮಾನವೆಂದೂ, ಸೊನ್ನೆಯ ಬಳಿಕ ‘ಎಕ್ಸ್’ ಅಕ್ಷರವಿದ್ದರೆ ಷೋಡಶಮಾನವೆಂದೂ ಓದಲಾಗುತ್ತಿತ್ತು. ಪೋಸ್ಟೆಲ್ ಅವರ ಕೋಷ್ಟಕದ 010 ಇಲ್ಲಿ ಹತ್ತಲ್ಲ, ಎಂಟು! ಕೋಷ್ಟಕವನ್ನು ನೋಡಿ ಆರ್ಪಾನೆಟ್ಟಿನ ವಿಳಾಸವನ್ನು ಅಕ್ಷರಶಃ ಬರೆದವನು ಬೇರೊಂದು ಜಾಲದ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದನು. ನಿಯಮ ಬರೆದವರೂ ಲೈಬ್ರರಿ ಬರೆದವರೂ ಪರಸ್ಪರ ಬಲ್ಲವರು, ಒಂದೇ ಯೋಜನೆಯ ಧನಸಹಾಯ ಪಡೆದವರು. ಆದರೂ ಈ ವ್ಯತ್ಯಾಸ ಉಳಿದುಕೊಂಡಿತು. ಇಬ್ಬರಿಗೂ ಅದು ಗಮನಿಸಬೇಕಾದ ವಿಷಯವಾಗಿ ತೋರಲಿಲ್ಲವೆಂದೇ ಊಹಿಸಬೇಕಾಗಿದೆ.

‘ಐನೆಟ್-ಅಡರ್’ನಲ್ಲಿ ಇನ್ನೊಂದು ದೋಷವಿದ್ದಿತು. ಬರಹವು ಅಂಕಿಯಲ್ಲವೆಂದು ಕಂಡರೆ ಅದು ಋಣ ಒಂದನ್ನು ಉತ್ತರವಾಗಿ ಕೊಡುತ್ತಿತ್ತು. ಮೂವತ್ತೆರಡು ಬಿಟ್ಟುಗಳಲ್ಲಿ ಋಣ ಒಂದು ಎಂದರೆ ಎಲ್ಲ ಬಿಟ್ಟುಗಳೂ ಒಂದಾಗಿರುವ ಸಂಖ್ಯೆ, ಅಂದರೆ 255.255.255.255. ಇದು ಜಾಲದ ಎಲ್ಲರಿಗೂ ಒಟ್ಟಿಗೆ ಸುದ್ದಿ ಕಳುಹಿಸುವ ಸಾಧುವಾದ ವಿಳಾಸ. ‘ಇದು ಅಂಕಿಯಲ್ಲ’ ಎಂಬ ಉತ್ತರವೂ ‘ಇದು ಇಂಥ ಅಂಕಿ’ ಎಂಬ ಉತ್ತರವೂ ಒಂದೇ ರೂಪದಲ್ಲಿ ಬಂದರೆ ಕೇಳಿದವನು ಏನೆಂದು ತಿಳಿಯಬೇಕು? ಮುಂದೆ ಬಂದ ‘ಐನೆಟ್-ಎ-ಟು-ಎನ್’ ಎಂಬ ಉಪವಿಧಿಯಲ್ಲಿ ಈ ಒಂದು ದೋಷವನ್ನು ತಿದ್ದಲಾಯಿತು. ಸೊನ್ನೆಯ ಮತ್ತು ಭಾಗಗಳ ವಿಷಯದ ಔದಾರ್ಯ ಮಾತ್ರ ಹಾಗೆಯೇ ಉಳಿಯಿತು.

ಇನ್ನು ಹೆಸರಿನ ಕಡೆಯ ಕತೆಯನ್ನು ನೋಡೋಣ. 1985ರ ಅಕ್ಟೋಬರಿನಲ್ಲಿ ಹ್ಯಾರೆನ್‌ಸ್ಟೀನ್, ಸ್ಟಾಲ್, ಫೈನ್ಲರ್ ಅವರು ಪ್ರಕಟಿಸಿದ ಆರ್.ಎಫ್.ಸಿ. 952, ಗಣಕದ ಹೆಸರು 24 ಅಕ್ಷರಗಳನ್ನು ಮೀರಬಾರದು, ಅದರ ಮೊದಲಲ್ಲಿ ಅಕ್ಷರವೇ ಇರಬೇಕು, ಅಂಕಿ ಇರಕೂಡದು ಎಂದು ವಿಧಿಸಿತು. ಈ ನಿಯಮ ಇರುವವರೆಗೆ ನಮ್ಮ ಸಂದಿಗ್ಧಕ್ಕೆ ಸುಲಭವಾದ ಪರಿಹಾರವಿತ್ತು: ಮೊದಲ ಚಿಹ್ನೆಯನ್ನು ನೋಡು, ಅದು ಅಂಕಿಯಾದರೆ ವಿಳಾಸ, ಅಕ್ಷರವಾದರೆ ಹೆಸರು. ಎಷ್ಟೋ ಕ್ರಮವಿಧಿಗಳು ಹೀಗೆಯೇ ಬರೆಯಲ್ಪಟ್ಟುವು.

ಆದರೆ ಹೆಸರಿಡುವ ಅಧಿಕಾರ ಪಂಡಿತರ ಕೈಯಿಂದ ವರ್ತಕರ ಕೈಗೆ ಜಾರುತ್ತಿದ್ದ ಕಾಲವದು. ರಾಬರ್ಟ್ ಮೆಟ್ಕಾಫ್ ಮತ್ತು ಅವರ ಸಂಗಡಿಗರು 1979ರಲ್ಲಿ ಸ್ಥಾಪಿಸಿದ 3ಕಾಂ ಎಂಬ ಕಂಪೆನಿಯ ಹೆಸರು ಅಂಕಿಯಿಂದಲೇ ಆರಂಭವಾಗುತ್ತದೆ. ಜಾಲದಲ್ಲಿ ಅದರ ಹೆಸರು 1986ರ ಡಿಸೆಂಬರಿನಲ್ಲಿ ನೋಂದಣಿಯಾಯಿತು. ನಿಯಮ ಪ್ರಕಟವಾಗಿ ಆಗ ಇನ್ನೂ ಹದಿನಾಲ್ಕು ತಿಂಗಳಾಗಿತ್ತು, ಅದು ಸಡಿಲಗೊಳ್ಳಲು ಸುಮಾರು ಮೂರು ವರ್ಷ ಬಾಕಿಯಿತ್ತು. ಆಚಾರ ಮುಂದೆ ಹೋಗಿ ಶಾಸ್ತ್ರ ಹಿಂಬಾಲಿಸಿದುದಕ್ಕೆ ಇದೊಂದು ಉತ್ತಮ ನಿದರ್ಶನ. 1989ರ ಅಕ್ಟೋಬರಿನಲ್ಲಿ ರಾಬರ್ಟ್ ಬ್ರೇಡನ್ ಸಂಪಾದಿಸಿದ ಆರ್.ಎಫ್.ಸಿ. 1123, ಹೆಸರಿನ ಮೊದಲಲ್ಲಿ ಅಂಕಿಯೂ ಇರಬಹುದೆಂದು ಒಪ್ಪಿಕೊಂಡಿತು.

ಈ ಒಪ್ಪಿಗೆಯ ಪರಿಣಾಮವನ್ನು ಆ ಪತ್ರವನ್ನು ಬರೆದವರು ಅರಿಯದವರಲ್ಲ. ಬಳಸುವವನು ಬರೆದ ಪದವನ್ನು ನಾಮವ್ಯವಸ್ಥೆಯಲ್ಲಿ ಹುಡುಕುವುದಕ್ಕೆ ಮುಂಚೆ ಅದು ಚುಕ್ಕೆಯುಳ್ಳ ಅಂಕಿಯೇ ಎಂದು ಪರೀಕ್ಷಿಸಬೇಕು. ಈಗ ಹೆಸರಿನ ಒಂದು ಭಾಗ ಪೂರ್ತಿಯಾಗಿ ಅಂಕಿಯೇ ಆಗಿರಬಹುದಾದ್ದರಿಂದ ಮೊದಲ ಚಿಹ್ನೆಯನ್ನು ನೋಡಿದರೆ ಸಾಲದು, ಇಡೀ ಪದದ ರಚನೆಯನ್ನು ಪರೀಕ್ಷಿಸಬೇಕು ಎಂದು ಅವರು ವಿಧಿಸಿದರು. ಆದರೂ ಹೆಸರು ಎಂದೂ ನಾಲ್ಕು ಅಂಕಿಗಳ ರೂಪವನ್ನು ತಾಳಲಾರದು, ಏಕೆಂದರೆ ಅದರ ಕೊನೆಯ ಭಾಗ, ಅಂದರೆ ಮೇಲ್ಮಟ್ಟದ ಕ್ಷೇತ್ರದ ಹೆಸರು, ಅಕ್ಷರಗಳಿಂದಲೇ ಕೂಡಿರುತ್ತದೆ ಎಂದು ಸಮಾಧಾನ ಹೇಳಿದರು. ಈ ಸಮಾಧಾನವನ್ನು ಸ್ವಲ್ಪ ನಿದಾನಿಸಿ ನೋಡಬೇಕು. ಇದು ವಿಧಿಯಲ್ಲ, ಅಂದಿನ ವಸ್ತುಸ್ಥಿತಿಯ ವರ್ಣನೆ. ಅಂದು ಇದ್ದ ಮೇಲ್ಮಟ್ಟದ ಹೆಸರುಗಳೆಲ್ಲ ಅಕ್ಷರಗಳಿಂದ ಕೂಡಿದ್ದುವು, ನಿಜ. ಮುಂದೆಯೂ ಹಾಗೆಯೇ ಇರಬೇಕೆಂದು ಆಜ್ಞಾಪಿಸುವ ಅಧಿಕಾರ ಆ ಪತ್ರಕ್ಕೆ ಇದ್ದಿತೇ ಎಂಬುದು ಚರ್ಚಾಸ್ಪದ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ನಾಮವ್ಯವಸ್ಥೆಯಾದರೋ ತನ್ನ ಹೆಸರುಗಳಲ್ಲಿ ಯಾವ ಚಿಹ್ನೆ ಬಂದರೂ ತಡೆಯುವುದಿಲ್ಲ, 1997ರ ಆರ್.ಎಫ್.ಸಿ. 2181 ಈ ಮಾತನ್ನು ಮತ್ತೆ ಒತ್ತಿ ಹೇಳಿತು. ಹೀಗೆ ಪರಿಹಾರದ ಭಾರವೆಲ್ಲ ಒಂದು ರೂಢಿಯ ಮೇಲೆ ನಿಂತಿತು.

ಇಡೀ ಪದವನ್ನು ಪರೀಕ್ಷಿಸುವ ಹೊಣೆಯನ್ನು ಪ್ರತಿಯೊಬ್ಬ ಕ್ರಮವಿಧಿಕಾರನೂ ಹೊತ್ತಾನೆಂದು ನಿರೀಕ್ಷಿಸುವಂತಿರಲಿಲ್ಲ. ಅಂಕಿಯ ವಿಳಾಸವನ್ನೇ ಹೆಸರೆಂದು ಭಾವಿಸಿ ನಾಮವ್ಯವಸ್ಥೆಯ ಬೇರುಮಟ್ಟದ ಸರ್ವರುಗಳವರೆಗೂ ವಿಚಾರಿಸುತ್ತ ಹೋಗುವ ಕ್ರಮವಿಧಿಗಳು ಹೇರಳವಾಗಿದ್ದುವು. 2003ರಲ್ಲಿ ವೆಸೆಲ್ಸ್ ಮತ್ತು ಫೊಮೆಂಕೋವ್ ಪ್ರಕಟಿಸಿದ ಅಧ್ಯಯನದಲ್ಲಿ, ಬೇರುಸರ್ವರಿಗೆ ಬರುವ ನಿರರ್ಥಕ ಪ್ರಶ್ನೆಗಳ ಒಂದು ವರ್ಗವಾಗಿ ಇಂಥವನ್ನು ಪ್ರತ್ಯೇಕವಾಗಿ ಎಣಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ವಿಳಾಸವನ್ನು ಕೈಯಲ್ಲಿ ಹಿಡಿದುಕೊಂಡೇ ‘ಇದರ ವಿಳಾಸವೇನು?’ ಎಂದು ಕೇಳುವ ಪ್ರಶ್ನೆಗಳವು.

ಇದನ್ನು ತಡೆಯಲು ಲೈಬ್ರರಿಕಾರರು ಹೆಸರಿನ ಬಾಗಿಲಲ್ಲಿಯೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಬರ್ಕಲಿಯ ‘ಬೈಂಡ್’ ಲೈಬ್ರರಿಯಲ್ಲಿ ‘ಗೆಟ್-ಹೋಸ್ಟ್-ಬೈ-ನೇಮ್’ ಉಪವಿಧಿ ಹೆಸರನ್ನು ಹುಡುಕುವ ಮೊದಲು, ಅದರಲ್ಲಿ ಅಂಕಿ ಚುಕ್ಕೆಗಳಲ್ಲದೆ ಬೇರೇನೂ ಇಲ್ಲವೇ ಎಂದು ನೋಡುತ್ತದೆ. ಇಲ್ಲವೆಂದಾದರೆ ಹುಡುಕಾಟವನ್ನೇ ಮಾಡದೆ, ಮಾಡಿದಂತೆ ನಟಿಸಿ, ಆ ಅಂಕಿಯನ್ನೇ ಉತ್ತರವಾಗಿ ಹಿಂದಿರುಗಿಸುತ್ತದೆ. ಅಂಕಿಗಳಿಂದಲೇ ಕೂಡಿದ ಪದವನ್ನು ನಿಜವಾಗಿ ಹೆಸರೆಂದೇ ಹುಡುಕಬೇಕೆನ್ನುವವರು ಕೊನೆಯಲ್ಲಿ ಒಂದು ಚುಕ್ಕೆಯನ್ನಿಡಬೇಕು. ನಮ್ಮ ಅಭಿಪ್ರಾಯದಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇಲ್ಲಿದೆ. ಅಲ್ಲಿಯವರೆಗೆ ಹೆಸರಿನ ಬಾಗಿಲು ಹೆಸರಿನದೇ ಆಗಿತ್ತು. ಇನ್ನು ಮುಂದೆ ಅದು ಎರಡಕ್ಕೂ ತೆರೆದ ಬಾಗಿಲಾಯಿತು. ಬಳಸುವವರಿಗೆ ಉಪಕಾರವಾಯಿತು, ಸಂಶಯವಿಲ್ಲ. ಆದರೆ ತೀರ್ಮಾನ ಕಣ್ಣಿಗೆ ಕಾಣದ ಸ್ಥಳಕ್ಕೆ ಸರಿಯಿತು.

ಈ ಕಾವಲುಗಾರನ ವಂಶದವನೊಬ್ಬನು ಗ್ನೂ ಸಂಸ್ಥೆಯ ಸಿ ಲೈಬ್ರರಿಯಲ್ಲಿಯೂ ಕೆಲಸಕ್ಕೆ ಸೇರಿದನು. ಲಿನಕ್ಸ್ ಗಣಕಗಳಲ್ಲಿ ಹೆಚ್ಚಿನವು ಆಶ್ರಯಿಸಿರುವ ಲೈಬ್ರರಿಯಿದು. 2000ದ ನವೆಂಬರಿನಲ್ಲಿ ಪ್ರಕಟವಾದ ಅದರ 2.2ನೆಯ ಆವೃತ್ತಿಯಲ್ಲಿ, ಅಂಕಿ ಚುಕ್ಕೆಗಳ ಪರೀಕ್ಷೆ ನಡೆಸುವ ಉಪವಿಧಿ ತನ್ನ ಉತ್ತರವನ್ನು ಬರೆದಿಡಲು ಎಷ್ಟು ಜಾಗ ಬೇಕೆಂದು ಲೆಕ್ಕಹಾಕುವಾಗ ಒಂದು ಬಾಬನ್ನು ಕೂಡಿಸಲು ಮರೆಯಿತು. ಮರೆತದ್ದು ಒಂದು ಸೂಚಕದ ಅಳತೆಯಷ್ಟು: 32 ಬಿಟ್ಟಿನ ಯಂತ್ರದಲ್ಲಿ 4 ಬೈಟು, 64 ಬಿಟ್ಟಿನದರಲ್ಲಿ 8 ಬೈಟು. ಸಾಕಷ್ಟು ಉದ್ದವಾದ ಅಂಕಿಯ ಸರಣಿಯನ್ನು ಹೆಸರೆಂದು ಕೊಟ್ಟರೆ ಉತ್ತರ ತನ್ನ ಎಲ್ಲೆಯನ್ನು ದಾಟಿ ಪಕ್ಕದ ಸ್ಮೃತಿಯ ಮೇಲೆ ಬೀಳುತ್ತಿತ್ತು. 2013ರ ಮೇ ತಿಂಗಳಲ್ಲಿ ಈ ತಪ್ಪನ್ನು ತಿದ್ದಲಾಯಿತು. ಆದರೆ ಅದು ರಕ್ಷಣೆಗೆ ಸಂಬಂಧಿಸಿದ ತಪ್ಪೆಂದು ಯಾರಿಗೂ ಹೊಳೆಯಲಿಲ್ಲವಾಗಿ, ದೀರ್ಘಕಾಲ ಬಳಕೆಗೆಂದು ಹಂಚಿದ್ದ ಲಿನಕ್ಸ್ ಆವೃತ್ತಿಗಳು ಹಳೆಯ ಪಾಠವನ್ನೇ ಇಟ್ಟುಕೊಂಡುವು. 2015ರ ಜನವರಿ 27ರಂದು ಕ್ವಾಲಿಸ್ ಎಂಬ ಸಂಸ್ಥೆಯವರು ಇದನ್ನು ಬಯಲಿಗೆ ತಂದರು. ಎಕ್ಸಿಂ ಎಂಬ ಅಂಚೆ ಸರ್ವರಿಗೆ ದೂರದಿಂದ ಒಂದು ಅಂಚೆಸಂಪರ್ಕವನ್ನು ಆರಂಭಿಸಿಯೇ ಆ ಗಣಕವನ್ನು ವಶಪಡಿಸಿಕೊಳ್ಳಬಹುದೆಂದು ಅವರು ತೋರಿಸಿಕೊಟ್ಟರು. ‘ಗೆಟ್-ಹೋಸ್ಟ್’ ಎಂಬುದರಿಂದ ಅಕ್ಷರಗಳನ್ನು ಕಿತ್ತು ಈ ಲೋಪಕ್ಕೆ ‘ಘೋಸ್ಟ್’, ಎಂದರೆ ಪಿಶಾಚಿ, ಎಂಬ ಹೆಸರನ್ನಿಡಲಾಯಿತು.

ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ಎರಡು ಅಂಶಗಳು ಗಮನಾರ್ಹ. ಹೆಚ್ಚುಕಡಮೆ ಎಲ್ಲ ಹಾನಿಗೂ ಕಾರಣ, ಅಷ್ಟು ಉದ್ದವಾದ ಅಂಕಿಯ ಸರಣಿಯೂ ಸಾಧುವಾದ ವಿಳಾಸವೆಂದು ಅಂಗೀಕೃತವಾಗುತ್ತಿದ್ದುದು. ನಾಲ್ಕೇ ಭಾಗಗಳು, ಭಾಗಕ್ಕೆ ಮೂರೇ ಅಂಕಿಗಳು ಎಂದು ಕಟ್ಟುನಿಟ್ಟು ಮಾಡಿದ್ದರೆ ಅಂಕಿಯ ವಿಳಾಸ ಚುಕ್ಕೆಗಳೂ ಸೇರಿ 15 ಚಿಹ್ನೆಗಳನ್ನು ಮೀರುವಂತಿಲ್ಲ. 1983ರ ಔದಾರ್ಯ ಮುಂದಿನ ಸೊನ್ನೆಗಳಿಗೆ ಮಿತಿಯನ್ನೇ ಹಾಕಿರಲಿಲ್ಲ. ಸಾವಿರ ಸೊನ್ನೆಗಳ ಸಾಲೂ ಅದರ ದೃಷ್ಟಿಯಲ್ಲಿ ವಿಳಾಸವೇ. ಎರಡನೆಯದು, ಹಳೆಯ ಪದ್ಧತಿಯಂತೆ ಮೊದಲು ‘ಐನೆಟ್-ಎ-ಟು-ಎನ್’ನಿಂದ ಅಂಕಿಯನ್ನು ಬೇರ್ಪಡಿಸಿ, ಉಳಿದುದನ್ನು ಮಾತ್ರ ಹೆಸರಿನ ಬಾಗಿಲಿಗೆ ಕಳುಹಿಸುತ್ತಿದ್ದ ಕ್ರಮವಿಧಿಗಳಿಗೆ ಈ ಪಿಶಾಚಿ ತಟ್ಟಲಿಲ್ಲ. 1989ರ ವಿಧಿಯನ್ನು ತಾವಾಗಿ ಪಾಲಿಸಿದವರು ಉಳಿದರು. ಲೈಬ್ರರಿ ನೋಡಿಕೊಳ್ಳುತ್ತದೆಂದು ನಂಬಿದವರು ಅಪಾಯಕ್ಕೊಳಗಾದರು.

ಅಂಕಿಗೆ ಮೊದಲ ಮನ್ನಣೆ ಎಂಬ ಈ ಕ್ರಮವೊಂದೇ ಸಾಧ್ಯವಾದುದೆಂದು ಭಾವಿಸಬಾರದು. ಯೂನಿಕ್ಸಿನಲ್ಲಿ ಕಡತದ ಒಡೆತನವನ್ನು ಬದಲಾಯಿಸುವ ‘ಚೋನ್’ ಎಂಬ ಆಜ್ಞೆಯೂ ಒಡೆಯನನ್ನು ಹೆಸರಿನಿಂದಾಗಲಿ ಅಂಕಿಯಿಂದಾಗಲಿ ಸೂಚಿಸಬಹುದೆನ್ನುತ್ತದೆ. ಅಂಕಿಯಂತೆ ಕಾಣುವ ಪದವೇ ಯಾರೋ ಒಬ್ಬರ ಹೆಸರಾಗಿ ದಾಖಲೆಯಲ್ಲಿದ್ದರೆ ಅದನ್ನು ಹೆಸರೆಂದೇ ತೆಗೆದುಕೊಳ್ಳಬೇಕೆಂದು ಪೋಸಿಕ್ಸ್ ಪ್ರಮಾಣಪಾಠ ವಿಧಿಸುತ್ತದೆ. ಒಂದೇ ವ್ಯವಸ್ಥೆಯ ಎರಡು ಕೋಣೆಗಳಲ್ಲಿ ವಿರುದ್ಧ ನಿಯಮಗಳು! ಆದರೆ ಕಾರಣವನ್ನು ಯೋಚಿಸಿದರೆ ಎರಡೂ ತಮ್ಮತಮ್ಮ ಎಡೆಯಲ್ಲಿ ಯುಕ್ತವೇ. ಒಡೆಯರ ದಾಖಲೆ ಆ ಗಣಕದಲ್ಲಿಯೇ ಇದೆ, ನೋಡುವುದು ಸುಲಭ, ಅದರ ಮೇಲೆ ಆಡಳಿತಗಾರನ ಹತೋಟಿಯಿದೆ. ಜಾಲದ ಹೆಸರುಗಳ ದಾಖಲೆ ಬೇರೆಯವರ ಕೈಯಲ್ಲಿದೆ. ಹೆಸರಿಗೆ ಮೊದಲ ಮನ್ನಣೆ ಕೊಟ್ಟರೆ ಅಂಕಿಯಂಥ ಹೆಸರನ್ನು ಎಲ್ಲಿಯೋ ನೋಂದಾಯಿಸಿದವನು ಇನ್ನೊಬ್ಬನ ವಿಳಾಸವನ್ನು ಅಪಹರಿಸಬಲ್ಲನು.

ಸೇವೆಗಳ ಹೆಸರಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಗಣಕದಲ್ಲಿ ನಡೆಯುವ ಒಂದೊಂದು ಸೇವೆಗೂ ಬಾಗಿಲಿನ ಸಂಖ್ಯೆಯಿದೆ: ಟೆಲ್ನೆಟ್ಟಿಗೆ 23, ಅಂಚೆಗೆ 25. ಇಲ್ಲಿಯೂ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಬರೆಯಬಹುದು. 2011ರ ಆಗಸ್ಟಿನ ಆರ್.ಎಫ್.ಸಿ. 6335, ಸೇವೆಯ ಹೆಸರಿನಲ್ಲಿ ಒಂದಾದರೂ ಅಕ್ಷರ ಇರಲೇಬೇಕೆಂದು ವಿಧಿಸಿ ಗೊಂದಲವನ್ನು ಬೇರಿನಲ್ಲಿಯೇ ಕಿತ್ತಿತು. ಹೆಸರಿಡುವ ಅಧಿಕಾರ ಒಂದೇ ಕಡೆ ಇದ್ದುದರಿಂದ ಈ ಕೆಲಸ ಸುಲಭವಾಯಿತು. ಗ್ರಂಥಾಲಯ ಶಾಸ್ತ್ರದವರಿಗೆ ಪರಿಚಿತವಾದ ಜಡ್39.50 ಎಂಬ ಪದ್ಧತಿಗೆ 210ನೆಯ ಬಾಗಿಲು. ಅದರ ಹೆಸರಿನ ಚುಕ್ಕೆಗೆ ಬದಲಾಗಿ ಅಡ್ಡಗೆರೆ ಬಂದುದು ಈ ಶುದ್ಧೀಕರಣದಲ್ಲಿಯೇ.

ವಿಳಾಸಗಳು ಸಾಲದೆ ಬಂದು ಐ.ಪಿ. ಆರನೆಯ ಆವೃತ್ತಿಯನ್ನು ರೂಪಿಸಿದಾಗ ಹೊಸ ಉಪವಿಧಿಯೊಂದು ಬೇಕಾಯಿತು. ‘ಗೆಟ್-ಅಡರ್-ಇನ್‌ಫೋ’ ಎಂಬ ಇದು ಎರಡು ಬಾಗಿಲುಗಳನ್ನು ಉದ್ದೇಶಪೂರ್ವಕವಾಗಿಯೇ ಒಂದು ಮಾಡಿತು. ಆದರೆ ಜೊತೆಗೆ, ‘ನಾನು ಕೊಟ್ಟಿರುವುದು ಅಂಕಿಯೇ, ಹೆಸರೆಂದು ಹುಡುಕಬೇಡ’ ಎಂದು ಕೇಳುವವನು ಸ್ಪಷ್ಟವಾಗಿ ಹೇಳಲು ಸಂಜ್ಞೆಗಳನ್ನೂ ಒದಗಿಸಿತು. 2003ರ ಫೆಬ್ರವರಿಯ ಆರ್.ಎಫ್.ಸಿ. 3493ರಲ್ಲಿ ಗಣಕಕ್ಕೊಂದು, ಸೇವೆಗೊಂದು, ಹೀಗೆ ಎರಡು ಸಂಜ್ಞೆಗಳಿವೆ. ಊಹಿಸುವುದಕ್ಕಿಂತ ಕೇಳಿ ತಿಳಿಯುವುದು ಲೇಸೆಂಬ ಈ ಕ್ರಮ ನಮಗೆ ಹಿಂದಿನ ಎಲ್ಲಕ್ಕಿಂತ ಮೇಲಾದುದೆಂದು ತೋರುತ್ತದೆ. ಹೊಸ ವಿಳಾಸಗಳಲ್ಲಿ ಚುಕ್ಕೆಗೆ ಬದಲಾಗಿ ಎರಡು ಚುಕ್ಕೆಗಳ ವಿಸರ್ಗದಂಥ ಚಿಹ್ನೆಯನ್ನಿಟ್ಟುದರಿಂದ ಹೆಸರಿನೊಡನೆ ಗೊಂದಲ ತಪ್ಪಿತು. ಆದರೆ ಅದೇ ಚಿಹ್ನೆ ಬಾಗಿಲಿನ ಸಂಖ್ಯೆಯ ಮುಂದೆಯೂ ಬರುತ್ತಿದ್ದುದರಿಂದ, ಜಾಲಪುಟಗಳ ವಿಳಾಸದಲ್ಲಿ ಅವಕ್ಕೆ ಚೌಕ ಆವರಣಗಳನ್ನು ತೊಡಿಸಬೇಕಾಯಿತು. 2005ರ ಆರ್.ಎಫ್.ಸಿ. 3986 ಅಂಕಿಯ ರೂಪಕ್ಕೆ ಹೊಂದಿದುದು ಅಂಕಿಯೇ, ಉಳಿದುದು ಹೆಸರು ಎಂಬ ಕ್ರಮವನ್ನು ಅಲ್ಲಿಯೂ ಸ್ಥಿರಪಡಿಸಿತು.

ಇಷ್ಟಾದರೂ ಹಳೆಯ ಸೊನ್ನೆಯ ಕಾಟ ಮುಗಿಯಲಿಲ್ಲ. ‘ಐನೆಟ್-ಪಿ-ಟು-ಎನ್’ ಎಂಬ ಹೊಸ ಉಪವಿಧಿ ನಾಲ್ಕು ದಶಮಾನ ಭಾಗಗಳನ್ನು ಮಾತ್ರ ಒಪ್ಪುತ್ತದೆ. ‘ಗೆಟ್-ಅಡರ್-ಇನ್‌ಫೋ’ ಮಾತ್ರ ಪೋಸಿಕ್ಸ್ ಪಾಠದ ಪ್ರಕಾರ 1983ರ ಸಡಿಲ ರೂಪಗಳನ್ನೂ ಒಪ್ಪಬೇಕು. ಈಗ ಒಂದು ಗಣಕ ಹೊರಗಿನವರ ಬೇಡಿಕೆಯಂತೆ ಬೇರೆ ಗಣಕಗಳನ್ನು ಸಂಪರ್ಕಿಸುತ್ತದೆಂದೂ, ಒಳಜಾಲದ ವಿಳಾಸಗಳನ್ನು ಮಾತ್ರ ನಿರಾಕರಿಸುತ್ತದೆಂದೂ ಇಟ್ಟುಕೊಳ್ಳೋಣ. ಹೊರಗಿನವನು 012.0.0.1 ಎಂದು ಬರೆಯುತ್ತಾನೆ. ಪರಿಶೀಲಿಸುವ ಲೈಬ್ರರಿ ಸೊನ್ನೆಯನ್ನು ಲೆಕ್ಕಿಸದೆ ಹನ್ನೆರಡೆಂದು ಓದಿ, ಇದು ಹೊರಗಿನ ವಿಳಾಸವೆಂದು ಬಿಡುತ್ತದೆ. ಸಂಪರ್ಕಿಸುವ ಲೈಬ್ರರಿ ಅದನ್ನೇ ಅಷ್ಟಮಾನವೆಂದು ಓದಿ ಹತ್ತೆಂದು ತಿಳಿದು, ಒಳಜಾಲದ 10.0.0.1ರ ಬಾಗಿಲನ್ನು ತೆರೆಯುತ್ತದೆ. 2021ರಲ್ಲಿ ಜಾವಾಸ್ಕ್ರಿಪ್ಟಿನ ‘ನೆಟ್‌ಮಾಸ್ಕ್’ ಲೈಬ್ರರಿಯಲ್ಲಿಯೂ ಪೈಥಾನ್ ಭಾಷೆಯ ‘ಐಪಿ-ಅಡ್ರೆಸ್’ ಲೈಬ್ರರಿಯಲ್ಲಿಯೂ ಕಂಡುಬಂದ ದೋಷ ಈ ಜಾತಿಯದು. ಪೈಥಾನಿನವರೂ, ಅದೇ ವರ್ಷದ ಆಗಸ್ಟಿನಲ್ಲಿ ಗೋ ಭಾಷೆಯವರೂ, ಮುಂದೆ ಸೊನ್ನೆಯಿರುವ ವಿಳಾಸವನ್ನು ದಶಮಾನವೆಂದೂ ಓದದೆ, ಅಷ್ಟಮಾನವೆಂದೂ ಓದದೆ, ಅಸಾಧುವೆಂದು ತಳ್ಳಿಹಾಕಿದರು. 1981ರ ಕೋಷ್ಟಕವೂ 1983ರ ಲೈಬ್ರರಿಯೂ ಹೂಡಿದ ವ್ಯಾಜ್ಯ ನಲವತ್ತು ವರ್ಷಗಳ ಬಳಿಕ ಅಲ್ಲಿ ಇಬ್ಬರೂ ಸೋತು ಮುಗಿಯಿತು. ಜಾಲಪುಟಗಳನ್ನು ತೋರಿಸುವ ಬ್ರೌಸರುಗಳು ಈ ತೀರ್ಪಿಗೆ ಇನ್ನೂ ಒಳಪಟ್ಟಿಲ್ಲ, ಅವುಗಳಲ್ಲಿ 127.1 ಎಂದು ಬರೆದರೆ ಇಂದಿಗೂ 127.0.0.1ಕ್ಕೆ ಹೋಗುತ್ತದೆ.

ಕನ್ನಡಕ್ಕೂ ಈ ಪ್ರಕರಣದಲ್ಲಿ ಒಂದು ಪಾತ್ರವುಂಟು. ಕನ್ನಡ ಲಿಪಿಯ ‘ಭಾರತ’ ಎಂಬ ಪದ ಇಂದು ಮೇಲ್ಮಟ್ಟದ ಕ್ಷೇತ್ರಗಳಲ್ಲೊಂದು. ಆದರೆ ನಾಮವ್ಯವಸ್ಥೆಯಲ್ಲಿ ಅದು ರೋಮನ್ ಲಿಪಿಯ ಸಂಕೇತವಾಗಿ ನೆಲೆಸಿದೆ: ಎಕ್ಸ್, ಎನ್ ಎಂಬ ಅಕ್ಷರಗಳು, ಎರಡು ಅಡ್ಡಗೆರೆ, ಬಳಿಕ 2 ಮತ್ತು 9 ಎಂಬ ಅಂಕಿಗಳು ಬೆರೆತ ಒಂದು ಅಕ್ಷರಗುಚ್ಛ. ಮೇಲ್ಮಟ್ಟದ ಹೆಸರು ಅಕ್ಷರಗಳಿಂದಲೇ ಕೂಡಿರುತ್ತದೆಂಬ 1989ರ ಸಮಾಧಾನವಾಕ್ಯ ಹೀಗೆ ನಮ್ಮ ಲಿಪಿಯ ಹೆಸರಿನಲ್ಲಿಯೂ ಸುಳ್ಳಾಯಿತು. ಪೂರ್ತಿ ಅಂಕಿಗಳಿಂದಲೇ ಕೂಡಿದ ಮೇಲ್ಮಟ್ಟದ ಹೆಸರನ್ನು ಕೊಡಕೂಡದೆಂಬ ನಿಯಮ ಮಾತ್ರ ನಿಂತಿದೆ. ಸಂದಿಗ್ಧದ ಪರಿಹಾರಕ್ಕೆ ಅಷ್ಟು ಸಾಕು.

ಕನ್ನಡದ ಅಂಕಿಗಳ ವಿಷಯ ಇನ್ನೂ ಕುತೂಹಲಕರವಾದುದು. ಪೈಥಾನ್ ಭಾಷೆ ೧೨೭ ಎಂಬುದನ್ನು ಓದಿ ಸಂಖ್ಯೆಯಾಗಿ ಮಾರ್ಪಡಿಸಬಲ್ಲುದು. ಅದರ ದೃಷ್ಟಿಯಲ್ಲಿ ನಮ್ಮ ಅಂಕಿಯೂ ಅಂಕಿಯೇ. ಆದ್ದರಿಂದಲೇ ಅದರ ವಿಳಾಸದ ಲೈಬ್ರರಿ ಸಂಖ್ಯೆಯಾಗಿ ಓದುವ ಮೊದಲು, ಪ್ರತಿಯೊಂದು ಭಾಗದಲ್ಲಿಯೂ ರೋಮನ್ ಪಂಕ್ತಿಯ ಅಂಕಿಗಳು ಮಾತ್ರ ಇವೆಯೇ ಎಂದು ಬೇರೆಯಾಗಿ ಪರೀಕ್ಷಿಸುತ್ತದೆ. ಜಪಾನೀ ಮುದ್ರಣದಲ್ಲಿ ಬಳಸುವ ಅಗಲವಾದ ರೋಮನ್ ಅಂಕಿಗಳನ್ನು ಬ್ರೌಸರುಗಳು ಸಾಮಾನ್ಯ ಅಂಕಿಗಳಾಗಿ ಬದಲಾಯಿಸಿ, ಬಳಿಕ ವಿಳಾಸವೆಂದು ಓದುತ್ತವೆ. ಕನ್ನಡದ ಅಂಕಿಗಳಿಗೆ ಆ ಬದಲಾವಣೆಯಿಲ್ಲ. ಹೀಗಾಗಿ ೧೨೭.೦.೦.೧ ಎಂದು ಬರೆದರೆ ಜಾಲದ ದೃಷ್ಟಿಯಲ್ಲಿ ಅದು ವಿಳಾಸವಲ್ಲ, ನಾಲ್ಕು ಭಾಗಗಳ ಒಂದು ಹೆಸರು. ಅದರ ಕೊನೆಯ ಭಾಗವಾದ ‘೧’ ಎಂಬ ಕ್ಷೇತ್ರವನ್ನು ಯಾರಿಗೂ ಕೊಟ್ಟಿಲ್ಲ.